ಕೊಲ್ಲುವ ಗರ್ಭವೆಂಬ ಮಿಥ್ಯೆ

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ. ಬಸದಿಯ ಅಂಗಳದಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಕೈಮುಗಿದು ಪರಸ್ಪರ ಕ್ಷಮೆ ಬೇಡುತ್ತಿದ್ದರು. ಬಾಲ್ಯದಿಂದ ನಾನು ಕಂಡ ಹೆಣ್ಣುಮಗಳೊಬ್ಬಳು, ಮದುವೆಯಾಗಿ ಎಂಟು ವರ್ಷ ಕಳೆದವಳು, ನನ್ನನ್ನು ಕಂಬದ ಮರೆಗೆ ಕರೆದು ಕೇಳಿದಳು: "ಚಿಕ್ಕಮ್ಮ, ಕಣ್ಣೆದುರಿಗಿರುವವರಲ್ಲಿ ಕ್ಷಮೆ ಕೇಳಿಯಾಯಿತು. ನನ್ನ ಹೊಟ್ಟೆಯೇ ಕೊಂದ ಮೂರು ಜೀವಗಳಲ್ಲಿ ಹೇಗೆ ಕೇಳಲಿ? ಅದಕ್ಕೆ ಪ್ರಾಯಶ್ಚಿತ್ತ ಯಾವುದು?"

ಮೂರು ಬಾರಿ ಆಕೆಗೆ ಗರ್ಭ ನಿಂತು, ಮೂರು ತಿಂಗಳು ತುಂಬುವುದರೊಳಗೆ ಇಳಿದುಹೋಗಿತ್ತು. ನಗರದ ಚಿಕಿತ್ಸಾಲಯವೊಂದರಲ್ಲಿ ರಕ್ತಪರೀಕ್ಷೆಯ ವರದಿಯನ್ನು ಮುಂದಿಟ್ಟು, 'ನಿಮ್ಮ ಗರ್ಭಕೋಶದಲ್ಲಿ ಕೊಲ್ಲುವ ಕೋಶಗಳು ಹೆಚ್ಚಾಗಿವೆ; ಅವು ಭ್ರೂಣವನ್ನು ಶತ್ರುವೆಂದು ಬಗೆದು ಕೊಲ್ಲುತ್ತಿವೆ' ಎಂದು ತಿಳಿಸಿದರಂತೆ. ಮನೆಗೆ ಬಂದರೆ ಹಿರಿಯರ ತೀರ್ಪು ಬೇರೆ: 'ಯಾವ ಜನ್ಮದಲ್ಲಿ ಯಾವ ಹಕ್ಕಿಯ ಗೂಡನ್ನು ಕಿತ್ತಿದ್ದಳೋ!' ನೆಲ ನೋಡಿ ಹೆಜ್ಜೆಯಿಡುವ, ಸೋಸದ ನೀರು ಮುಟ್ಟದ, ಸೂರ್ಯಾಸ್ತದ ಮುನ್ನ ಉಣ್ಣುವ ಶ್ರಾವಿಕೆಗೆ 'ನಿನ್ನ ದೇಹವೇ ಕೊಲೆಗಾರ' ಎಂದು ಹೇಳುವುದಕ್ಕಿಂತ ಕ್ರೂರವಾದ ಮಾತು ಮತ್ತೊಂದಿರಲಾರದು. ಆ ಮಾತನ್ನು ಅವಳು ನಂಬಿದ್ದಳು. ಆರು ತಿಂಗಳಿಂದ ಏಕಭುಕ್ತದಲ್ಲಿದ್ದಳು.

ಆಕೆಗೆ ಅಂದು ನಾನು ಕೊಟ್ಟ ಉತ್ತರ ಅಪೂರ್ಣವಾಗಿತ್ತು. ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದು ಅವಳೊಬ್ಬಳಿಗೆ ಸಲ್ಲುವ ಉತ್ತರವಲ್ಲ. ಅವಳಿಗೆ ಅನ್ಯಾಯ ಮಾಡಿದವರು ಮೂವರು: ಅರ್ಧ ತಿಳಿದ ವಿಜ್ಞಾನವನ್ನು ಪೂರ್ಣ ಬೆಲೆಗೆ ಮಾರುವವರು, ಕರ್ಮಸಿದ್ಧಾಂತವನ್ನು ಬೈಗುಳವಾಗಿ ಬಳಸುವವರು, ಮತ್ತು ಇವೆರಡನ್ನೂ ಕಂಡು ಸುಮ್ಮನಿರುವ ನಾವು.

ಹೆಸರು ತಂದ ಅನರ್ಥ

ಮೊದಲು ವಿಷಯವನ್ನು ತಿಳಿಯೋಣ. ಭ್ರೂಣದ ಅರ್ಧಾಂಶ ತಾಯಿಯದು, ಇನ್ನರ್ಧ ತಂದೆಯದು. ಬೇರೊಬ್ಬರ ಚರ್ಮವನ್ನೋ ಮೂತ್ರಪಿಂಡವನ್ನೋ ಕಸಿ ಮಾಡಿದರೆ ದೇಹದ ರಕ್ಷಣಾವ್ಯವಸ್ಥೆ ಅದನ್ನು ತಿರಸ್ಕರಿಸುತ್ತದೆ. ಹಾಗಿರುವಾಗ ಅರ್ಧ ಪರಕೀಯವಾದ ಭ್ರೂಣವನ್ನು ತಾಯಿಯ ದೇಹ ಒಂಬತ್ತು ತಿಂಗಳು ಹೊರುವುದು ಹೇಗೆ? ಈ ಪ್ರಶ್ನೆಯನ್ನು ೧೯೫೩ರಲ್ಲಿ ಸ್ಪಷ್ಟವಾಗಿ ಎತ್ತಿದವರು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವಾರ್. ೧೯೬೦ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಪ್ರಶ್ನೆ ಉತ್ತಮವಾಗಿತ್ತು. ಆದರೆ ಅದರ ನೆರಳಿನಲ್ಲಿ ಒಂದು ತಪ್ಪು ಕಲ್ಪನೆ ಬೆಳೆಯಿತು: ತಾಯಿಯ ದೇಹ ಭ್ರೂಣದೊಡನೆ ಯುದ್ಧಕ್ಕೆ ನಿಂತಿದೆ, ಆ ಯುದ್ಧವನ್ನು ಹೇಗಾದರೂ ಅಡಗಿಸಿದರೆ ಮಾತ್ರ ಮಗು ಉಳಿದೀತು ಎಂಬುದು.

೧೯೭೫ರಲ್ಲಿ, ಗೆಡ್ಡೆರೋಗದ ಕೋಶಗಳನ್ನು ನಾಶಮಾಡುವ ಒಂದು ಬಗೆಯ ಬಿಳಿಯ ರಕ್ತಕೋಶಕ್ಕೆ 'ನ್ಯಾಚುರಲ್ ಕಿಲ್ಲರ್', ಅಂದರೆ ಸಹಜವಾಗಿ ಕೊಲ್ಲುವ ಕೋಶ, ಎಂಬ ಹೆಸರು ಬಂದಿತು. ಅದೇ ಕುಲಕ್ಕೆ ಸೇರಿದ ಕೋಶಗಳು ಗರ್ಭಕೋಶದ ಒಳಪದರದಲ್ಲೂ ಕಂಡುಬಂದುದರಿಂದ ಅವಕ್ಕೂ ಆ ಹೆಸರೇ ಅಂಟಿಕೊಂಡಿತು. ಗರ್ಭದ ಮೊದಲ ತಿಂಗಳುಗಳಲ್ಲಿ ಆ ಪದರದಲ್ಲಿರುವ ಬಿಳಿಯ ಕೋಶಗಳ ಪೈಕಿ ಸುಮಾರು ಶೇಕಡಾ ೭೦ರಷ್ಟು ಇವೇ. ಓದುಗರು ಯೋಚಿಸಬೇಕು: ಇವು ನಿಜವಾಗಿ ಭ್ರೂಣಹಂತಕಗಳಾಗಿದ್ದರೆ, ಆರೋಗ್ಯವಂತ ಗರ್ಭಿಣಿಯ ಒಡಲಲ್ಲಿ ಇಷ್ಟು ದಟ್ಟವಾಗಿ ನೆರೆದಿರುವುದೇಕೆ?

ಉತ್ತರ ಈಗ ಬಹುಮಟ್ಟಿಗೆ ತಿಳಿದಿದೆ. ರಕ್ತದಲ್ಲಿ ಸಂಚರಿಸುವ ಕೋಶಗಳಿಗೂ ಗರ್ಭಕೋಶದಲ್ಲಿ ನೆಲಸಿದ ಈ ಕೋಶಗಳಿಗೂ ರೂಪದಲ್ಲಿಯೂ ನಡತೆಯಲ್ಲಿಯೂ ಭೇದವುಂಟು. ಗರ್ಭಕೋಶದವು ಕೊಲ್ಲುವುದರಲ್ಲಿ ಬಲು ದುರ್ಬಲ. ಅವುಗಳ ಕೆಲಸ ಕಟ್ಟುವುದು. ತಾಯಿಯ ಸುರುಳಿ ರಕ್ತನಾಳಗಳನ್ನು ಅಗಲಗೊಳಿಸಿ ಮಾಸಿಗೆ ಸಾಕಷ್ಟು ರಕ್ತ ಹರಿಯುವಂತೆ ಮಾಡುವುದರಲ್ಲಿ ಅವು ನೆರವಾಗುತ್ತವೆ. ಈ ಕೋಶಗಳಿಗೂ ಭ್ರೂಣದ ಕಡೆಯ ಕೋಶಗಳಿಗೂ ನಡುವೆ ಸಂಕೇತಗಳ ವಿನಿಮಯ ನಡೆಯುತ್ತದೆ. ಕೇಂಬ್ರಿಜ್‌ನ ಆಶ್ಲಿ ಮೊಫೆಟ್ ಮತ್ತು ಸಂಗಡಿಗರು ೨೦೦೪ರಲ್ಲಿ ತೋರಿಸಿದ ಸಂಗತಿ ಇನ್ನೂ ಗಮನಾರ್ಹ. ತಾಯಿಯ ಈ ಕೋಶಗಳು ಪ್ರಚೋದನೆಗೊಳ್ಳದೆ ಅಡಗಿಕೊಳ್ಳುವಂತಹ ವಂಶವಾಹಿಗಳ ಜೋಡಣೆಯಿದ್ದಲ್ಲಿಯೇ ಗರ್ಭಿಣಿಯರ ರಕ್ತದೊತ್ತಡದ ವಿಷಮಸ್ಥಿತಿ ಹೆಚ್ಚಾಗಿ ಕಂಡಿತು. ಎಂದರೆ ಕೇಡು ಬರುವುದು ಅವು ಕೆರಳಿದಾಗ ಎಂಬ ನಂಬಿಕೆಗೆ ವ್ಯತಿರಿಕ್ತವಾಗಿ, ಅವು ಸಾಕಷ್ಟು ಎಚ್ಚೆತ್ತುಕೊಳ್ಳದಾಗಲೂ ಕೇಡುಂಟು.

ರಕ್ಷಣಾವ್ಯವಸ್ಥೆಯಲ್ಲಿ ಉಪಶಮದ ಕೋಶಗಳೂ ಇವೆ. ದೇಹ ತನ್ನ ಮೇಲೆಯೇ ತಾನು ಎರಗದಂತೆ ಅವು ಕಾಯುತ್ತವೆ. ೨೦೨೫ರ ವೈದ್ಯಕೀಯ ನೊಬೆಲ್ ಪಾರಿತೋಷಕ ಇವುಗಳನ್ನು ಶೋಧಿಸಿದ ಮೂವರಿಗೇ ಸಂದಿತು. ಇಲಿಗಳಲ್ಲಿ ಈ ಕೋಶಗಳನ್ನು ಇಲ್ಲವಾಗಿಸಿದಾಗ ಗರ್ಭ ಉಳಿಯುವುದಿಲ್ಲವೆಂಬುದನ್ನೂ ಸಂಶೋಧಕರು ಕಂಡಿದ್ದಾರೆ. ಹೀಗೆ ಗರ್ಭಕೋಶದ ಒಳಪದರ ರಣಭೂಮಿಯಲ್ಲ. ಕಟ್ಟುವ, ಕಾಯುವ, ಶಮನಗೊಳಿಸುವ ಹಲವು ಶಕ್ತಿಗಳ ಸಹಬಾಳ್ವೆ ಅಲ್ಲಿದೆ. ಅನೇಕಾಂತವನ್ನು ಉಸಿರಾಗಿಸಿಕೊಂಡ ನಮಗೆ ಇದು ಹೊಸ ಪಾಠವಾಗಬೇಕಿಲ್ಲ. ಒಂದು ಹೆಸರನ್ನು ಹಿಡಿದು ವಸ್ತುವಿನ ಸ್ವರೂಪವನ್ನೆಲ್ಲ ನಿರ್ಣಯಿಸುವುದು ಏಕಾಂತ ದೃಷ್ಟಿ. 'ಕಿಲ್ಲರ್' ಎಂಬ ಹೆಸರೊಂದನ್ನೇ ಹಿಡಿದು ಒಬ್ಬ ಹೆಣ್ಣಿನ ಒಡಲನ್ನು ಕೊಲೆಗಡುಕನೆಂದುದು ಅಂತಹ ಮಿಥ್ಯಾತ್ವವೇ.

ಭಯದ ವ್ಯಾಪಾರ

ಆ ಹುಡುಗಿಯ ರಕ್ತವನ್ನು ಪರೀಕ್ಷಿಸಿದರು. ರಕ್ತದಲ್ಲಿರುವ ಕೋಶಗಳನ್ನು ಎಣಿಸಿ ಗರ್ಭಕೋಶದ ಕೋಶಗಳ ಬಗೆಗೆ ತೀರ್ಪು ಕೊಡುವುದು, ಬೀದಿಯಲ್ಲಿ ಓಡಾಡುವವರನ್ನು ಎಣಿಸಿ ಮನೆಯೊಳಗೆ ಏನು ನಡೆಯುತ್ತಿದೆಯೆಂದು ಹೇಳಿದಂತೆ. ಒಳಪದರದ ಚೂರನ್ನೇ ತೆಗೆದು ಪರೀಕ್ಷಿಸಿದರೂ ತೊಡಕು ತಪ್ಪದು. ಋತುಚಕ್ರದ ಉತ್ತರಾರ್ಧದಲ್ಲಿ ಈ ಕೋಶಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತದೆ. ಎಷ್ಟಿದ್ದರೆ ಸಹಜ, ಎಷ್ಟಾದರೆ ಅತಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಈ ಪರೀಕ್ಷೆಗಳ ಆಧಾರದ ಮೇಲೆ ಚಿಕಿತ್ಸೆ ನೀಡುವುದು ಸಲ್ಲದೆಂದು ಮೊಫೆಟ್ ಮತ್ತಿಬ್ಬರು ತಜ್ಞರು ೨೦೦೪ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್ಚರಿಸಿದ್ದರು. ಸಂತಾನ ಚಿಕಿತ್ಸೆಯ ತಜ್ಞರ ಯುರೋಪಿನ ಸಂಘವು ೨೦೨೩ರಲ್ಲಿ ಹೊರತಂದ ಮಾರ್ಗಸೂಚಿಯೂ ಇಂತಹ ಪರೀಕ್ಷೆಗಳನ್ನೂ ಅವುಗಳನ್ನು ನೆಮ್ಮಿದ ಚಿಕಿತ್ಸೆಗಳನ್ನೂ ವಾಡಿಕೆಯಾಗಿ ಬಳಸಬಾರದೆಂದು ಹೇಳಿದೆ. ಎರಡು ದಶಕಗಳ ಅಂತರದಲ್ಲಿ ಎರಡು ಎಚ್ಚರಿಕೆ. ಆದರೂ ಪರೀಕ್ಷೆಯ ಮಾರಾಟ ನಿಂತಿಲ್ಲ.

ಚಿಕಿತ್ಸೆಗಳ ಚರಿತ್ರೆಯೂ ಬೋಧಪ್ರದವಾಗಿದೆ. ಗಂಡನ ಬಿಳಿಯ ರಕ್ತಕೋಶಗಳನ್ನು ಹೆಂಡತಿಗೆ ಚುಚ್ಚಿದರೆ ಅವಳ ದೇಹ ಮಗುವನ್ನು ಒಪ್ಪಿಕೊಳ್ಳುತ್ತದೆ ಎಂಬ ವಾದ ೧೯೮೫ರ ಒಂದು ಅಧ್ಯಯನದಿಂದ ಪ್ರಸಿದ್ಧವಾಯಿತು. ಹಲವು ದೇಶಗಳಲ್ಲಿ ಚಿಕಿತ್ಸೆಯೂ ಹಬ್ಬಿತು. ೧೯೯೯ರಲ್ಲಿ ಅಮೆರಿಕೆಯಲ್ಲಿ ನಡೆದ ಎಚ್ಚರಿಕೆಯ ಪ್ರಯೋಗದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಗರ್ಭನಷ್ಟ ಹೆಚ್ಚಬಹುದೆಂಬ ಶಂಕೆಯೇ ಮೂಡಿತು. ೨೦೦೨ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಅನುಮತಿ ಪಡೆದ ಸಂಶೋಧನೆಯಲ್ಲಿ ಹೊರತು ಇದನ್ನು ನೀಡಕೂಡದೆಂದು ತಡೆಯಿತು. ಗರ್ಭಕೋಶದ ಒಳಪದರವನ್ನು ಕೆರೆದರೆ ಅಲ್ಲಿ ರಕ್ಷಣಾಕೋಶಗಳು ಎಚ್ಚೆತ್ತು ಭ್ರೂಣ ನೆಲೆಗೊಳ್ಳುತ್ತದೆ ಎಂಬುದು ಮತ್ತೊಂದು ವಾದ. ಹಿಂದಿನ ವಾದಕ್ಕೆ ಇದು ಪೂರಾ ವಿರುದ್ಧ. ಅಲ್ಲಿ ಅಡಗಿಸಬೇಕು, ಇಲ್ಲಿ ಎಬ್ಬಿಸಬೇಕು! ೧೩೬೪ ಸ್ತ್ರೀಯರನ್ನು ಒಳಗೊಂಡು ೨೦೧೯ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆರೆಸಿಕೊಂಡವರಲ್ಲಿಯೂ ಕೆರೆಸಿಕೊಳ್ಳದವರಲ್ಲಿಯೂ ಮಗುವನ್ನು ಪಡೆದವರು ಸಮಸಮವಾಗಿ ಶೇಕಡಾ ೨೬.೧.

'ಇರಲಿ, ಪ್ರಯತ್ನಿಸಿ ನೋಡುವುದರಲ್ಲಿ ನಷ್ಟವೇನು? ನಮ್ಮ ನಂಟರ ಮನೆಯಲ್ಲಿ ಒಬ್ಬಳಿಗೆ ಫಲಿಸಿತಲ್ಲ!' ಎನ್ನುವವರಿದ್ದಾರೆ. ಈ ಮಾತಿಗೆ ಉತ್ತರವಾಗಿ ಒಂದು ಪ್ರಯೋಗವನ್ನು ಎಲ್ಲ ಕುಟುಂಬಗಳೂ ಅರಿತಿರಬೇಕು. ಕಾರಣ ತಿಳಿಯದೆ ಪದೇಪದೇ ಗರ್ಭ ಕಳೆದುಕೊಂಡ ೮೩೬ ಸ್ತ್ರೀಯರ ಮೇಲೆ ನಡೆದು ೨೦೧೫ರಲ್ಲಿ ಪ್ರಕಟವಾದುದು ಅದು. ಅರ್ಧದಷ್ಟು ಮಂದಿಗೆ ಪ್ರೊಜೆಸ್ಟರೋನ್, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಗುಳಿಗೆ. ಔಷಧ ಪಡೆದವರಲ್ಲಿ ಶೇಕಡಾ ೬೫.೮ರಷ್ಟು ಮಂದಿಗೆ ಮಗುವಾಯಿತು. ಹುಸಿ ಗುಳಿಗೆ ಪಡೆದವರಲ್ಲಿ ಶೇಕಡಾ ೬೩.೩ರಷ್ಟು ಮಂದಿಗೆ. ಇದರ ಅರ್ಥವೇನು? ಹಲವು ಬಾರಿ ಗರ್ಭ ಕಳೆದುಕೊಂಡವಳಿಗೂ, ಏನನ್ನೂ ಕೊಡದಿದ್ದರೂ, ಮುಂದಿನ ಗರ್ಭ ಉಳಿಯುವ ಸಂಭವವೇ ಹೆಚ್ಚು. ಆದುದರಿಂದ ನಿರುಪಯುಕ್ತ ಚಿಕಿತ್ಸೆಯೂ ಮೂವರಲ್ಲಿ ಇಬ್ಬರಿಗೆ 'ಫಲಿಸಿದಂತೆ' ಕಾಣುತ್ತದೆ. ಚಿಕಿತ್ಸಾಲಯದ ಗೋಡೆಯ ಮೇಲಿನ ಮಕ್ಕಳ ಚಿತ್ರಗಳಿಗೆ ಇದೇ ರಹಸ್ಯ. ಆರಂಭದ ಗರ್ಭನಷ್ಟಗಳಲ್ಲಿ ಅರ್ಧಕ್ಕೂ ಮಿಗಿಲಾದವಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿಯ ಏರುಪೇರು. ತಾಯಿಯ ಒಡಲಿನ ದೋಷವಲ್ಲ.

ನಷ್ಟ ಇಲ್ಲವೆಂಬುದೂ ಸುಳ್ಳು. ಸ್ಟಿರಾಯ್ಡ್ ಔಷಧಗಳು ಗರ್ಭಿಣಿಯಲ್ಲಿ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಏರಿಸಬಲ್ಲವು, ಸೋಂಕಿಗೆ ದಾರಿ ಮಾಡಬಲ್ಲವು. ಹಣದ ನಷ್ಟ ಬೇರೆ; ಹೊಲ ಮಾರಿದವರೂ, ಒಡವೆ ಅಡವಿಟ್ಟವರೂ ನಮ್ಮ ನಡುವೆಯೇ ಇದ್ದಾರೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ 'ದೋಷ ನನ್ನಲ್ಲೇ' ಎಂಬ ಶಲ್ಯವೊಂದು ಹೆಣ್ಣಿನ ಹೃದಯದಲ್ಲಿ ಉಳಿದುಬಿಡುವುದು.

ಅಹಿಂಸೆಯ ಪ್ರಶ್ನೆ ಎಲ್ಲಿ ಕೇಳಬೇಕಾಗಿತ್ತು?

ಈರುಳ್ಳಿ ಬೆಳ್ಳುಳ್ಳಿಯ ವಿಷಯದಲ್ಲಿ ನಾವೆಷ್ಟು ಜಾಗರೂಕರು! ಆದರೆ ಈ ಚಿಕಿತ್ಸೆಗಳ ಮೂಲವನ್ನು ಕೇಳಿದವರೆಷ್ಟು ಮಂದಿ? ರಕ್ಷಣಾವ್ಯವಸ್ಥೆಯನ್ನು ಶಮನಗೊಳಿಸಲೆಂದು ನರಕ್ಕೆ ಹರಿಸುವ ಇಂಟ್ರಾಲಿಪಿಡ್ ಎಂಬ ಬಿಳಿಯ ದ್ರವ ಸೋಯಾ ಎಣ್ಣೆ ಮತ್ತು ಕೋಳಿಮೊಟ್ಟೆಯ ಕೊಬ್ಬಿನಂಶದಿಂದ ಆದುದು. ರಕ್ತ ಹೆಪ್ಪುಗಟ್ಟದಂತೆ ದಿನದಿನವೂ ಚುಚ್ಚುವ ಹೆಪಾರಿನ್ ಹಂದಿಯ ಕರುಳಿನ ಒಳಪೊರೆಯಿಂದ ತೆಗೆದುದು. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇವನ್ನು ನೀಡುವಾಗ ಈ ಸಂಗತಿಯನ್ನು ತಿಳಿಸುವವರು ಅಪರೂಪ. ಕೇಳುವವರು ಇನ್ನೂ ಅಪರೂಪ.

ಇಲ್ಲಿ ವಿವೇಕ ಬೇಕು. ಹೆಪಾರಿನ್ ನಿಜವಾಗಿಯೂ ಅಗತ್ಯವಾದ ಒಂದು ರೋಗವುಂಟು: ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಇದು ರಕ್ಷಣಾವ್ಯವಸ್ಥೆಯ ನೈಜ ದೋಷ. ಕನಿಷ್ಠ ೧೨ ವಾರಗಳ ಅಂತರದಲ್ಲಿ ಎರಡು ಬಾರಿ ರಕ್ತ ಪರೀಕ್ಷಿಸಿ ಇದನ್ನು ನಿಶ್ಚಯಿಸುತ್ತಾರೆ. ಅಲ್ಪ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಇದಕ್ಕೆ ಒಪ್ಪಿತ ಚಿಕಿತ್ಸೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ವಿಧಿಸಿದ ನಮ್ಮ ಆಚಾರ್ಯರು ಗೃಹಸ್ಥಜೀವನದಲ್ಲಿ ತಪ್ಪದ ಹಿಂಸೆಯನ್ನು ಬೇರೆಯಾಗಿಯೇ ಎಣಿಸಿದ್ದಾರೆ. ಇಂತಹ ರೋಗಿಣಿ ವೈದ್ಯರ ಮಾತಿನಂತೆ ಔಷಧ ಪಡೆದರೆ ಅವಳನ್ನು ಯಾರೂ ಆಕ್ಷೇಪಿಸಬಾರದು. ಪ್ರಾಣಿಮೂಲವಲ್ಲದ ಪರ್ಯಾಯವುಂಟೇ, ತನಗೆ ಅದು ಹೊಂದುವುದೇ ಎಂದು ಕೇಳುವ ಹಕ್ಕು ಮಾತ್ರ ಅವಳಿಗಿರಲಿ. ಆದರೆ ಆ ರೋಗವೇ ಇಲ್ಲದವಳಿಗೆ, ಪುರಾವೆಯೇ ಇಲ್ಲದ ಪರೀಕ್ಷೆಯನ್ನು ನಂಬಿ ಅದೇ ಔಷಧ ನೀಡಿದರೆ, ಅದು ನಿಷ್ಪ್ರಯೋಜಕ ಹಿಂಸೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈ ನಾಡಿನ ಜೈನವೈದ್ಯ ಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವನ್ನು ರಚಿಸಿ, ಮಾಂಸ ಮದ್ಯ ಮಧುಗಳಿಲ್ಲದ ಚಿಕಿತ್ಸಾಕ್ರಮವನ್ನು ನಿರೂಪಿಸಿದರು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ವೈದ್ಯರೆದುರು ಮಾಂಸದ ನಿರುಪಯುಕ್ತತೆಯನ್ನು ವಾದಿಸಿದರು. ಔಷಧದ ಮೂಲವನ್ನೂ ಫಲವನ್ನೂ ಒಟ್ಟಿಗೆ ಪ್ರಶ್ನಿಸಿದ ಪೂರ್ವಿಕರ ಮಕ್ಕಳಾದ ನಾವು ಇಂದು ಬಿಲ್ಲಿನ ಮೊತ್ತವನ್ನಷ್ಟೇ ಕೇಳಿ ಹೊರಬರುತ್ತಿದ್ದೇವೆ.

ಮರೆತ ಕಾರಣಗಳು

ಕಾಲ್ಪನಿಕ ಶತ್ರುವಿನ ಬೆನ್ನುಹತ್ತಿದವರು ನಿಜವಾದ ಕಾರಣಗಳನ್ನು ಮರೆಯುತ್ತಾರೆ. ನಮ್ಮ ದೇಶದಲ್ಲಿ ಗರ್ಭಕೋಶದ ಒಳಪದರವನ್ನೂ ಗರ್ಭನಾಳಗಳನ್ನೂ ಸದ್ದಿಲ್ಲದೆ ಹಾಳುಮಾಡುವ ಒಂದು ರೋಗವೆಂದರೆ ಕ್ಷಯ. ಕೆಮ್ಮಿಲ್ಲದೆ ಜ್ವರವಿಲ್ಲದೆ ಜನನಾಂಗಗಳಲ್ಲಿ ನೆಲಸುವ ಕ್ಷಯ ಎಷ್ಟೋ ವೇಳೆ ಬಂಜೆತನದ ತಪಾಸಣೆಯಲ್ಲಿಯೇ ಮೊದಲು ಬೆಳಕಿಗೆ ಬರುತ್ತದೆ. ಸಕಾಲದಲ್ಲಿ ಕಂಡರೆ ಆರು ತಿಂಗಳ ಚಿಕಿತ್ಸೆಯುಂಟು. ಸರಕಾರಿ ಕಾರ್ಯಕ್ರಮದಲ್ಲಿ ಔಷಧ ಉಚಿತ. ಆದರೆ 'ಕ್ಷಯ' ಎಂದರೆ ಮನೆತನಕ್ಕೆ ಕಳಂಕವೆಂದು ಮುಚ್ಚಿಡುತ್ತೇವೆ; 'ಕಿಲ್ಲರ್ ಕೋಶ' ಎಂದರೆ ಲಕ್ಷ ತೆರುತ್ತೇವೆ.

ಇನ್ನೊಂದು ಕಾರಣವನ್ನು ನುಡಿಯಲು ನಮ್ಮ ಪುರುಷರಿಗೆ ಸಂಕೋಚ. ಸಂತಾನವಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ, ಒಂಟಿಯಾಗಿಯೋ ಜೊತೆಗೂಡಿಯೋ, ಇರುತ್ತದೆ. ವೀರ್ಯದ ಪರೀಕ್ಷೆ ಸುಲಭ, ಅಲ್ಪವ್ಯಯದ್ದು, ನೋವಿಲ್ಲದ್ದು. ಹೀಗಿದ್ದೂ ಹೆಂಡತಿಯ ಗರ್ಭಕೋಶವನ್ನು ಎರಡು ಬಾರಿ ಕೆರೆಸಿದ ಮೇಲೆ ಗಂಡನ ಪರೀಕ್ಷೆಗೆ ಮುಹೂರ್ತ ಹುಡುಕುವ ಮನೆಗಳನ್ನು ನಾನು ಬಲ್ಲೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ತಿಳಿಸಿದಂತೆ ಜಗತ್ತಿನ ವಯಸ್ಕರಲ್ಲಿ ಆರರಲ್ಲಿ ಒಬ್ಬರಿಗೆ ಜೀವನದ ಯಾವುದಾದರೊಂದು ಘಟ್ಟದಲ್ಲಿ ಈ ತೊಂದರೆ ಬರುತ್ತದೆ. ಇದು ಯಾವ ಮನೆತನದ ಶಾಪವೂ ಅಲ್ಲ.

ಕರ್ಮವನ್ನು ಬೈಗುಳ ಮಾಡಬೇಡಿ

ಈಗ ನಮ್ಮವರ ಕಡೆಗೆ ತಿರುಗುತ್ತೇನೆ. 'ಅವಳ ಅಂತರಾಯ ಕರ್ಮ' ಎಂದು ಸುಲಭವಾಗಿ ನುಡಿಯುವವರಿಗೆ ಮೂರು ಪ್ರಶ್ನೆಗಳು.

ಮೊದಲನೆಯದು: ಮತ್ತೊಬ್ಬರ ಕರ್ಮಬಂಧವನ್ನು ಇದಮಿತ್ಥಂ ಎಂದು ಅರಿಯಬಲ್ಲವರು ಕೇವಲಜ್ಞಾನಿಗಳು. ಅಡುಗೆಮನೆಯಲ್ಲಿ ಕುಳಿತು ಸೊಸೆಯ ಪೂರ್ವಜನ್ಮವನ್ನು ಓದುವ ಜ್ಞಾನ ನಿಮಗೆ ಯಾವಾಗ ಪ್ರಾಪ್ತವಾಯಿತು? ಕರ್ಮಸಿದ್ಧಾಂತ ಕನ್ನಡಿಯಿದ್ದಂತೆ, ತನ್ನ ಮುಖ ನೋಡಿಕೊಳ್ಳಲಿಕ್ಕೆ ಇರುವುದು, ಪರರ ಮೇಲೆ ಎಸೆಯಲಿಕ್ಕಲ್ಲ.

ಎರಡನೆಯದು: ಎಲ್ಲವೂ ಮೊದಲೇ ನಿಶ್ಚಿತ, ಪುರುಷಾರ್ಥಕ್ಕೆ ಎಡೆಯಿಲ್ಲ ಎಂಬುದು ಮಕ್ಖಲಿ ಗೋಶಾಲನ ನಿಯತಿವಾದ. ಭಗವಾನ್ ಮಹಾವೀರರು ಅದನ್ನು ಖಂಡಿಸಿದರು. ಜೈನರ ಕರ್ಮ ಉದಯಕ್ಕೆ ಬರುವುದು ನಿಮಿತ್ತಗಳ ಮೂಲಕ. ಅದರ ಸಂಕ್ರಮಣ, ಉಪಶಮ, ನಿರ್ಜರೆಗಳನ್ನೂ ಶಾಸ್ತ್ರ ಹೇಳಿದೆ. ಹಾಗಲ್ಲದಿದ್ದರೆ ನಾಲ್ಕು ದಾನಗಳಲ್ಲಿ ಔಷಧದಾನವನ್ನು ಇರಿಸುವ ಅಗತ್ಯವೇನಿತ್ತು?

ಮೂರನೆಯದು: ತನಗಾಗಲಿ ಪರರಿಗಾಗಲಿ ದುಃಖ ಶೋಕಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಗರ್ಭ ಕಳೆದುಕೊಂಡು ಅಳುತ್ತಿರುವವಳಿಗೆ 'ನಿನ್ನ ಪಾಪ' ಎಂದಾಗ ಕರ್ಮ ಕಟ್ಟಿಕೊಂಡವರು ಯಾರು, ಅವಳೋ ನೀವೋ?

ಆ ಮಗಳ ಪ್ರಶ್ನೆಗೆ ಶಾಸ್ತ್ರದ ಉತ್ತರ ಸ್ಪಷ್ಟ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯಿಂದ ಪ್ರಾಣವನ್ನು ವಿಯೋಗಗೊಳಿಸುವುದೇ ಹಿಂಸೆ. ಕಷಾಯವಿಲ್ಲ, ಪ್ರಮಾದವಿಲ್ಲ, ಸಂಕಲ್ಪವಿಲ್ಲ. ಉಳಿಯಲಿ ಎಂಬ ಹಾರೈಕೆಯೊಂದೇ ಇತ್ತು. ಅಲ್ಲಿ ಹಿಂಸೆಯಿಲ್ಲ. ಹಿಂಸೆಯಿಲ್ಲದೆಡೆ ಪ್ರಾಯಶ್ಚಿತ್ತವೂ ಇಲ್ಲ.

ತಾಯಾಗದ ಹೆಣ್ಣು ಅಪೂರ್ಣಳೆಂಬ ಮಾತಂತೂ ನಮ್ಮ ಪರಂಪರೆಯದಲ್ಲ. ಆದಿನಾಥರ ಮಕ್ಕಳಾದ ಬ್ರಾಹ್ಮಿ ಸುಂದರಿಯರು ತಾಯಂದಿರಾಗಲಿಲ್ಲ. ಅಕ್ಷರವನ್ನೂ ಅಂಕೆಯನ್ನೂ ಅವರ ಹೆಸರಿನೊಡನೆಯೇ ನೆನೆಯುತ್ತೇವೆ. ಮಹಾವೀರರ ಆರ್ಯಿಕಾಸಂಘದ ಅಗ್ರಣಿ ಚಂದನೆಯೂ ತಾಯಿಯಾಗಲಿಲ್ಲ. ಅತ್ತಿಮಬ್ಬೆಗೆ ಮಗನಿದ್ದ, ಆದರೆ ನಾಡು ಅವಳನ್ನು ಸ್ಮರಿಸುವುದು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ ದಾನಚಿಂತಾಮಣಿಯೆಂದು.

ಟ್ರಸ್ಟುಗಳಿಗೆ ನಾಲ್ಕು ಮಾತು

ಬಸದಿಯ ಟ್ರಸ್ಟುಗಳ ಮುಂದೆ ನನ್ನ ಬೇಡಿಕೆ ದೊಡ್ಡದಲ್ಲ. ಪಂಚಕಲ್ಯಾಣಕ್ಕೆ ಕೂಡಿಸುವ ನಿಧಿಯಲ್ಲಿ ಅತ್ಯಲ್ಪ ಭಾಗವನ್ನು ಔಷಧದಾನಕ್ಕೆಂದು ಮೀಸಲಿಡಿ. ಅದರಿಂದ ಸಂತಾನವಿಲ್ಲದ ದಂಪತಿಗಳಿಗೆ, ಪತಿಪತ್ನಿಯರಿಬ್ಬರಿಗೂ, ಮೊದಲ ತಪಾಸಣೆಗೆ ನೆರವು ನೀಡಿ. ಯಾವ ಚಿಕಿತ್ಸಾಲಯದೊಡನೆಯೂ ಲಾಭದ ನಂಟಿಲ್ಲದ ವೈದ್ಯರೊಬ್ಬರು ವರ್ಷಕ್ಕೆರಡು ಬಾರಿ ಬಂದು, ದುಬಾರಿ ಚಿಕಿತ್ಸೆಗೆ ಸಹಿ ಹಾಕುವ ಮುನ್ನ ಎರಡನೆಯ ಅಭಿಪ್ರಾಯ ಕೊಡುವಂತೆ ಏರ್ಪಡಿಸಿ. ಸಂತಾನ ಚಿಕಿತ್ಸೆಯ ಕುರಿತ ೨೦೨೧ರ ಕೇಂದ್ರ ಕಾಯಿದೆ, ಯಶಸ್ಸಿನ ಸಂಭವ, ವೆಚ್ಚ, ಅಡ್ಡಪರಿಣಾಮ ಎಲ್ಲವನ್ನೂ ದಂಪತಿಗಳಿಗೆ ತಿಳಿಸುವ ಹೊಣೆಯನ್ನು ಚಿಕಿತ್ಸಾಲಯದ ಮೇಲೆ ಹೊರಿಸಿದೆ. ಈ ಹಕ್ಕನ್ನು ನಮ್ಮ ಕುಟುಂಬಗಳಿಗೆ ತಿಳಿಯಪಡಿಸಿ. ದತ್ತು ಪಡೆದ ಮಗುವನ್ನು ಉಪನಯನಕ್ಕೂ ಅಭಿಷೇಕಕ್ಕೂ ಸಮಾನವಾಗಿ ಬರಮಾಡಿಕೊಳ್ಳಿ. ನಾಮಕರಣ, ಸೀಮಂತಗಳಿಗೆ ಇಂತಹ ಸೊಸೆಯಂದಿರನ್ನು ಕರೆಯದೆ ಬಿಡುವ ಅನಾಚಾರವನ್ನು ಇಂದೇ ನಿಲ್ಲಿಸಿ.

ಮುಂದಿನ ಕ್ಷಮಾವಣಿಗೆ ಇನ್ನೂ ಕೆಲವು ತಿಂಗಳುಗಳಿವೆ. ಅಂದು ಆ ಮಗಳು ಬಸದಿಗೆ ಬಂದಾಗ ಯಾರಲ್ಲಿಯೂ ಕ್ಷಮೆ ಬೇಡಬೇಕಾದುದಿಲ್ಲ. ಆಕೆಯನ್ನು ಕೊಲೆಗಾರ್ತಿಯೆಂದು ನಂಬಿಸಿದವರು, ಪಾಪಿಯೆಂದು ಜರೆದವರು, ಕೇಳಿಯೂ ಕೇಳದಂತಿದ್ದ ನಾನೂ ಸೇರಿದಂತೆ ನಾವೆಲ್ಲರೂ ಅವಳ ಮುಂದೆ ಕೈಮುಗಿದು ನಿಲ್ಲಬೇಕಾಗಿದೆ.